ಬುರುಡೆಯೊಳಗೆ ಎರಡು ಎಲುಬಿನ ಚೂರು

1968ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಅಂಗರಚನಾ ತಜ್ಞ ಆರ್. ಜಿ. ಹ್ಯಾರಿಸನ್ ಈಜಿಪ್ಟಿನ ರಾಜರ ಕಣಿವೆಗೆ ಎಕ್ಸ್‌ರೇ ಯಂತ್ರ ಒಯ್ದರು. ಪ್ರಾಚೀನ ಈಜಿಪ್ಟಿನ ರಾಜ ಟುಟಾಂಖಾಮನ್‌ನ ಮಮ್ಮಿಯ ಬುರುಡೆಯೊಳಗೆ ಎಲುಬಿನ ಚೂರು ಕಂಡವು. ತಲೆಯ ಹಿಂಬದಿಗೆ ಪೆಟ್ಟು ಬಿದ್ದು ಒಳಗೆ ರಕ್ತಸ್ರಾವ ಆಗಿದ್ದಿರಬಹುದು ಎಂದೂ ಹ್ಯಾರಿಸನ್ ಹೇಳಿದರು. ‘ಇರಬಹುದು’ ಎಂಬುದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಲೆಯ ಕಥೆ ಹುಟ್ಟಿಕೊಂಡಿತು.

ಅದಕ್ಕೆ ಬೇಕಾದ ಪಾತ್ರಗಳು ಮೊದಲೇ ಸಿದ್ಧವಿದ್ದವು. ಎಂಟೊಂಬತ್ತು ವರ್ಷಕ್ಕೆ ಪಟ್ಟವೇರಿದ ಹುಡುಗ, ಕ್ರಿ.ಪೂ. 1323ರ ಸುಮಾರಿಗೆ, ಹತ್ತೊಂಬತ್ತರ ಆಸುಪಾಸಿನಲ್ಲಿ ಸತ್ತ. ಅಧಿಕಾರದ ಲಗಾಮು ಇದ್ದದ್ದು ಹಿರಿಯ ಆಸ್ಥಾನಿಕ ಆಯ್ ಮತ್ತು ಸೇನಾಪತಿ ಹೊರೆಂಹೆಬ್ ಕೈಯಲ್ಲಿ. ಇಬ್ಬರೂ ಒಬ್ಬರಾದ ಮೇಲೊಬ್ಬರು ರಾಜರಾದರು. ಸಮಾಧಿಯ ಗೋಡೆಯ ಮೇಲೆ ಚಿರತೆ ಚರ್ಮ ಹೊದ್ದು ಸತ್ತವನ ‘ಬಾಯಿ ತೆರೆಯುವ’ ವಿಧಿ ಮಾಡುತ್ತಿರುವವನು ಆಯ್. ಅದು ಉತ್ತರಾಧಿಕಾರಿಯ ಕೆಲಸ.

ಇದರ ಜತೆಗೆ ಒಂದು ಪತ್ರ. ಈಗಿನ ಟರ್ಕಿಯಲ್ಲಿರುವ, ಹಿಟ್ಟೈಟ್ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಹತ್ತುಶಾದ ಜೇಡಿಮಣ್ಣಿನ ಫಲಕಗಳಲ್ಲಿ ಈಜಿಪ್ಟಿನ ರಾಣಿಯೊಬ್ಬಳು ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮನಿಗೆ ಅಂಗಲಾಚಿದ್ದು ದಾಖಲಾಗಿದೆ: ಗಂಡ ತೀರಿಕೊಂಡ, ಮಗನಿಲ್ಲ, ನಿನ್ನ ಮಗನೊಬ್ಬನನ್ನು ಕಳಿಸು, ನನ್ನ ಆಳನ್ನೇ ಮದುವೆಯಾಗಲಾರೆ, ಹೆದರಿಕೆಯಾಗಿದೆ. ಹೊರಟ ರಾಜಕುಮಾರ ಜನ್ನಂಜ ಸತ್ತ. ಆ ರಾಣಿ ಟುಟಾಂಖಾಮನ್‌ನ ಹೆಂಡತಿ ಅಂಖೆಸೆನಾಮುನ್ ಎಂದು ಹಲವರು ನಂಬುತ್ತಾರೆ. ಅಲ್ಲ, ಪತ್ರ ಬರೆದವಳು ಅಂಖೆಸೆನಾಮುನ್‌ಳ ತಾಯಿ ನೆಫರ್ಟಿಟಿ ಎನ್ನುವವರೂ ಇದ್ದಾರೆ. ಓದಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ಅದರಲ್ಲಿ ಗಂಡ ಹೇಗೆ ಸತ್ತ ಎಂಬ ಮಾತೇ ಇಲ್ಲ.

2005ರ ಜನವರಿಯಲ್ಲಿ ಈಜಿಪ್ಟಿನ ಪುರಾತತ್ತ್ವಜ್ಞ ಜಾಹಿ ಹವಾಸ್ ನೇತೃತ್ವದ ತಂಡ ಮಮ್ಮಿಯ ಸಿ.ಟಿ. ಸ್ಕ್ಯಾನ್ ಮಾಡಿ ಸುಮಾರು 1,700 ಚಿತ್ರ ತೆಗೆಯಿತು. ಶವಸಂಸ್ಕಾರದವರು ಬುರುಡೆಗೆ ಸುರಿದ ರಾಳ ಒಳಗೇ ಗಟ್ಟಿಯಾಗಿ ಕೂತಿತ್ತು. ಬದುಕಿದ್ದಾಗಲೇ ಎಲುಬು ಮುರಿದಿದ್ದರೆ ಚೂರುಗಳು ಆ ರಾಳದಲ್ಲಿ ಹೂತುಹೋಗಬೇಕಿತ್ತು. ಅವು ಸಡಿಲವಾಗಿ ಬಿದ್ದಿದ್ದವು. ಅಂದರೆ ಮುರಿದದ್ದು ಸತ್ತ ಮೇಲೆ. ಬಹುಶಃ 1925ರಲ್ಲಿ, ಸಮಾಧಿಯನ್ನು ಪತ್ತೆಹಚ್ಚಿದ ಹೊವರ್ಡ್ ಕಾರ್ಟರ್ ತಂಡ ಪೆಟ್ಟಿಗೆಗೆ ಅಂಟಿಕೊಂಡಿದ್ದ ದೇಹವನ್ನು ಕಾಸಿದ ಚಾಕುಗಳಿಂದ ಬಿಡಿಸಿ, ತಲೆ, ಕೈಕಾಲು ಬೇರೆ ಮಾಡಿದಾಗ. ಕೊಲೆಗಾರನ ಹೆಜ್ಜೆ ಹುಡುಕಿ ಹೊರಟವರು ಪುರಾತತ್ತ್ವಜ್ಞರ ಮನೆ ಬಾಗಿಲಿಗೇ ಬಂದು ನಿಂತ ಹಾಗಾಯಿತು.

ಎದೆಯೆಲುಬು ಮತ್ತು ಕೆಲವು ಪಕ್ಕೆಲುಬು ಇಲ್ಲವೆಂದು ರಥ ಹರಿದ, ನೀರಾನೆ ಕಚ್ಚಿದ ಊಹೆಗಳೂ ಹೊರಟವು. ನೀರಾನೆಯನ್ನು ನಾನಂತೂ ನಂಬಲಾರೆ. ಕಾರ್ಟರ್ ಕಾಲದ ಫೋಟೋದಲ್ಲಿ ಎದೆಗೆ ಅಂಟಿದ್ದ ಮಣಿಹಾರ 1968ರ ಹೊತ್ತಿಗೆ ಮಾಯವಾಗಿತ್ತು; ಎಲುಬೂ ಅದರ ಜತೆಗೇ ಹೋಗಿರುವ ಸಾಧ್ಯತೆ ಹೆಚ್ಚು.

ಉಳಿದದ್ದು ಎಡ ತೊಡೆಯೆಲುಬು. ಮೊಣಕಾಲಿನ ಮೇಲೆ ಮುರಿದಿದೆ, ಕೂಡಿಕೊಂಡ ಗುರುತಿಲ್ಲ, ಬಿರುಕಿಗೆ ರಾಳ ಇಳಿದಿದೆ. ಸಾಯುವ ಕೆಲವೇ ದಿನ ಮುಂಚೆ ಆದ ಗಾಯ ಎಂದು ತಂಡದ ಹಲವರು. ಇದೂ ಕಾರ್ಟರ್ ಕಡೆಯವರದೇ ಕೆಲಸ ಎಂದು ಕೆಲವರು. 2010ರ ಡಿಎನ್ಎ ಅಧ್ಯಯನ ಮಲೇರಿಯಾ ಕುರುಹನ್ನೂ, ತಂದೆತಾಯಿ ಒಡಹುಟ್ಟಿದವರೆಂಬುದನ್ನೂ, ಎಡಪಾದದ ಎಲುಬು ರೋಗವನ್ನೂ ಸೇರಿಸಿತು. ಸಮಾಧಿಯಲ್ಲಿ ಸಿಕ್ಕ 130ರಷ್ಟು ಕೋಲುಗಳು ಏಕೆಂಬುದಕ್ಕೆ ಆಗ ಒಂದು ಉತ್ತರ ಸಿಕ್ಕಿತು. ಜರ್ಮನಿಯ ಇನ್ನು ಕೆಲವರು ಆ ಪಾದದ ತೊಂದರೆಗೆ ಕಾರಣ ಕುಡಗೋಲು ಕಣ ರೋಗ, ಅಂದರೆ ರಕ್ತಕಣಗಳು ಕುಡಗೋಲಿನಂತೆ ಬಾಗುವ ಕಾಯಿಲೆ, ಇರಬಹುದೆಂದರು.

ಈಗ ರಾಜ ತನ್ನ ಸಮಾಧಿಯಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾನೆ. ನೋಡಲು ಬಂದವರಿಗೆ ಕಾಣುವುದು ಕಪ್ಪಾದ ಮುಖ ಮತ್ತು ಪಾದಗಳು. ಆ ತೊಡೆ ಬಿಳಿ ಬಟ್ಟೆಯ ಕೆಳಗಿದೆ.