ಮೂಳೆ ಕಾಣದ ಯಂತ್ರಕ್ಕೆ ತಲೆಬುರುಡೆಯ ತಳ ಕಂಡಿದ್ದು ಹೇಗೆ?

ಮಿದುಳು ಕೂತಿರುವ ನೆಲವೇ ತಲೆಬುರುಡೆಯ ತಳ. ಅದರ ತುಂಬ ಸಣ್ಣ ಸಣ್ಣ ತೂತುಗಳು. ಕಣ್ಣು, ಕಿವಿ, ಮುಖದ ನರಗಳು, ಮಿದುಳಿಗೆ ರಕ್ತ ಒಯ್ಯುವ ನಾಳಗಳು ಎಲ್ಲವೂ ಇಲ್ಲಿಂದಲೇ ಹಾದುಹೋಗುತ್ತವೆ. ಇಂಥ ಇಕ್ಕಟ್ಟಿನಲ್ಲಿ ಗೆಡ್ಡೆ ಬೆಳೆದರೆ, ಅದು ಕ್ಯಾನ್ಸರ್ ಅಲ್ಲದಿದ್ದರೂ ತೊಂದರೆ ತಪ್ಪಿದ್ದಲ್ಲ.

1895ರಲ್ಲಿ ಎಕ್ಸ್‌ರೇ ಬಂತು. ಅದರಲ್ಲಿ ಗೆಡ್ಡೆ ಕಾಣುತ್ತಿರಲಿಲ್ಲ. ಮೂಳೆ ಸವೆದಿದ್ದರೆ ಅದನ್ನು ನೋಡಿ ಊಹಿಸಬೇಕಿತ್ತು, ಅಷ್ಟೇ. 1919ರಲ್ಲಿ ಅಮೆರಿಕದ ಸರ್ಜನ್ ವಾಲ್ಟರ್ ಡ್ಯಾಂಡಿ ಹೊಸ ದಾರಿಯೊಂದನ್ನು ತೋರಿಸಿದರು. ಸೊಂಟದ ಹತ್ತಿರ ಸೂಜಿ ಚುಚ್ಚಿ, ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು, ಆ ಜಾಗಕ್ಕೆ ಗಾಳಿ ತುಂಬುವುದು! ಗಾಳಿ ಮೇಲೇರಿ ಮಿದುಳಿನ ಸುತ್ತ ಸೇರುತ್ತಿತ್ತು, ಎಕ್ಸ್‌ರೇಯಲ್ಲಿ ಅದರ ಎದುರು ಮಿದುಳಿನ ಅಂಚು ಕಾಣುತ್ತಿತ್ತು. ಅದು ಎಲ್ಲ ಮೂಲೆಗೂ ತಲುಪಲಿ ಅಂತ ರೋಗಿಯನ್ನು ಕುರ್ಚಿಗೆ ಕಟ್ಟಿ ತಿರುಗಿಸುವುದೂ ಇತ್ತು. ಆಮೇಲೆ ವಿಪರೀತ ತಲೆನೋವು, ವಾಂತಿ. ಹತ್ತಿರ ಹತ್ತಿರ ಐವತ್ತು ವರ್ಷ ಇದೇ ನಡೆಯಿತು ಅಂದ್ರೆ ನಂಬೋದು ಕಷ್ಟ, ಅಲ್ವಾ?

1971ರಲ್ಲಿ ಬ್ರಿಟಿಷ್ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಸಿಟಿ ಸ್ಕ್ಯಾನರ್ (ಸುತ್ತಲಿಂದ ಎಕ್ಸ್‌ರೇ ಹಾಯಿಸಿ ಪದರದ ಚಿತ್ರ ಕಟ್ಟುವ ಯಂತ್ರ) ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ತೋರಿಸಿತು. ಆದರೆ ತಳಕ್ಕೆ ಬಂದಾಗ ಅದೂ ಎಡವಿತು. ಎರಡೂ ಕಿವಿಗಳ ಒಳಗಿನ ಗಟ್ಟಿ ಮೂಳೆಗಳ ನಡುವೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಎದ್ದು, ಮಿದುಳಿನ ಕಾಂಡ ಅವುಗಳ ಹಿಂದೆ ಮುಚ್ಚಿಹೋಗುತ್ತಿತ್ತು. ಕಿವಿಯ ನರದ ಸಣ್ಣ ಗೆಡ್ಡೆ ಹುಡುಕಲು ಸಿಟಿಯ ಜೊತೆಗೂ ಗಾಳಿ ತುಂಬಬೇಕಾಯಿತು.

1973ರಲ್ಲಿ ಅಮೆರಿಕದ ವಿಜ್ಞಾನಿ ಪಾಲ್ ಲಾಟರ್ಬರ್ ನೀರು ತುಂಬಿದ ಎರಡು ಸಣ್ಣ ಕೊಳವೆಗಳ ಎಂಆರ್ ಚಿತ್ರ, ಅಂದರೆ ಕಾಂತ ಮತ್ತು ರೇಡಿಯೊ ಅಲೆಗಳಿಂದ ತೆಗೆದ ಚಿತ್ರ, ಪ್ರಕಟಿಸಿದರು. ಎಂಆರ್‌ಐಗೆ ಸಿಗ್ನಲ್ ಸಿಗುವುದು ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್‌ನಿಂದ. ಗಟ್ಟಿ ಮೂಳೆ ಅದಕ್ಕೆ ಸುಮ್ನೆ ಕಪ್ಪು. ಕೇಳಲು ಕೊರತೆ ಅನಿಸಬಹುದು. ತಲೆಬುರುಡೆಯ ತಳದ ಮಟ್ಟಿಗೆ ಅದೇ ವರವಾಯಿತು: ಪಟ್ಟೆ ಎಬ್ಬಿಸುತ್ತಿದ್ದ ಮೂಳೆ ಇಲ್ಲಿ ಅಡ್ಡ ಬರಲೇ ಇಲ್ಲ. (ಮೂಳೆ ಎಷ್ಟು ಸವೆದಿದೆ ಎಂದು ತಿಳಿಯಲು ಸರ್ಜನ್‌ಗಳು ಇವತ್ತಿಗೂ ಸಿಟಿ ಕೇಳುತ್ತಾರೆ, ಅದು ಬೇರೆ ಮಾತು.)

ಕೊಬ್ಬಿನ ಕತೆ ಇನ್ನೂ ಸ್ವಾರಸ್ಯ. ದೊಡ್ಡವರಲ್ಲಿ ತಳದ ಮೂಳೆಗಳೊಳಗಿನ ಮಜ್ಜೆಯಲ್ಲಿ ಕೊಬ್ಬು ಜಾಸ್ತಿ. ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ಕಾರ್ಡೋಮಾದಂಥ ಗೆಡ್ಡೆ ಮಜ್ಜೆಗೆ ನುಗ್ಗಿದರೆ ಆ ಬಿಳುಪು ಮಾಯ. 1988ರಲ್ಲಿ ಅಮೆರಿಕದಲ್ಲಿ ಗ್ಯಾಡೊಲಿನಿಯಮ್ ಎಂಬ ಲೋಹದ ಇಂಜೆಕ್ಷನ್‌ಗೆ (ಗೆಡ್ಡೆ ಎದ್ದು ಕಾಣಲು ಕೊಡುವಂಥದ್ದು) ಒಪ್ಪಿಗೆ ಸಿಕ್ಕಿತು. ಈಗ ಗೆಡ್ಡೆಯೂ ಬೆಳ್ಳಗಾಯಿತು. ಕಿವಿಯ ನರದ ಗೆಡ್ಡೆಯಂತೂ ಐಸ್‌ಕ್ರೀಮ್ ಕೋನ್ ಥರ ಎದ್ದು ಕಂಡಿತು. ಆದರೆ ಬಿಳಿ ಮಜ್ಜೆಯಲ್ಲಿ ಬಿಳಿ ಗೆಡ್ಡೆ ಹುಡುಕುವುದು ಹೇಗೆ? ಕೊಬ್ಬಿನ ಸಿಗ್ನಲ್ಲನ್ನೇ ಅಡಗಿಸುವ ‘ಫ್ಯಾಟ್ ಸಪ್ರೆಶನ್’ ಬೇಕಾಯಿತು. ಅದೂ ಸೈನಸ್‌ಗಳ ಗಾಳಿಯ ಪಕ್ಕದಲ್ಲಿ ಆಗಾಗ ಕೈಕೊಡುತ್ತದೆ.

2006ರಲ್ಲಿ ಗ್ಯಾಡೊಲಿನಿಯಮ್‌ಗೂ, ಕಿಡ್ನಿ ಕೆಟ್ಟವರಲ್ಲಿ ಚರ್ಮ ಗಟ್ಟಿಯಾಗುವ ಕಾಯಿಲೆಗೂ ನಂಟಿರುವುದು ಗೊತ್ತಾಯಿತು. 2014ರಲ್ಲಿ, ಮತ್ತೆ ಮತ್ತೆ ಇಂಜೆಕ್ಷನ್ ಪಡೆದವರ ಮಿದುಳಿನಲ್ಲಿ ಅದರ ಕುರುಹು ಉಳಿಯುವ ಸುದ್ದಿ ಬಂತು. ಅದರಿಂದ ಮಿದುಳಿಗೆ ಹಾನಿಯಾಗುತ್ತದೆ ಎಂದು ಸಾಬೀತಾಗಿಲ್ಲ. ಆದರೂ ಕಿವಿಯ ನರದ ಸಣ್ಣ ಗೆಡ್ಡೆಗಳಲ್ಲಿ ಎಷ್ಟೋ ಬೆಳೆಯುವುದೇ ಇಲ್ಲ, ವರ್ಷಗಟ್ಟಲೆ ಸ್ಕ್ಯಾನ್ ಮಾಡುತ್ತಾ ಕಾಯುವುದಷ್ಟೇ ಕೆಲಸ. ಹಾಗಾಗಿ ಅನೇಕ ಕಡೆ ಈಗ ಇಂಜೆಕ್ಷನ್ ಬಿಟ್ಟು, ತೆಳು ಪದರಗಳ ಟಿ2 ಎಂಬ ಇನ್ನೊಂದು ಬಗೆಯ ಚಿತ್ರ ಮಾತ್ರ ತೆಗೆಯುತ್ತಾರೆ. ಅದರಲ್ಲಿ ದ್ರವ ಬೆಳ್ಳಗೆ, ನರಗಳು ಕಪ್ಪು ಎಳೆಗಳಾಗಿ ಕಾಣುತ್ತವೆ. ಗೆಡ್ಡೆ ಬೆಳೆದಿದೆಯೇ ಎಂದು ಅಳೆಯಲು ಸಾಮಾನ್ಯವಾಗಿ ಅಷ್ಟು ಸಾಕು.