ಯುಎಫ್‌ಒ ಅಂದ ಕೂಡಲೇ ಎಐ "ಬಲೂನ್" ಅನ್ನೋದು ಯಾಕೆ?

ಓದುಗರ ಪ್ರಶ್ನೆ: ಆಕಾಶದಲ್ಲಿ ವಿಚಿತ್ರವಾಗಿ ಹಾರುವ ವಸ್ತುವಿನ ವಿಡಿಯೋ ಬಗ್ಗೆ ಎಐ ಚಾಟ್‌ಬಾಟ್ ಹತ್ತಿರ ಕೇಳಿದರೆ "ಬಲೂನ್ ಇರಬಹುದು, ಡ್ರೋನ್ ಇರಬಹುದು" ಅನ್ನುತ್ತದೆ. ಅದಕ್ಕೆ ಹಾಗೇ ಹೇಳಿಕೊಟ್ಟಿದ್ದಾರೆ, ಅಲ್ವಾ? ಅದರ ಮಾತು ನಂಬೋದು ಹೇಗೆ?

ನಿಮ್ಮ ಅನುಮಾನ ಅರ್ಧ ಸರಿ. ಎಐಗೆ ಪೂರ್ವಗ್ರಹ ಇದೆ, ಆದರೆ ಅದು ಒಂದೇ ಕಡೆಗೆ ವಾಲಿಲ್ಲ. "ಸರ್ಕಾರ ಯುಎಫ್‌ಒ ವಿಷಯ ಯಾಕೆ ಮುಚ್ಚಿಡುತ್ತಿದೆ?" ಅಂತ ಒಮ್ಮೆ ಕೇಳಿ. ಆಮೇಲೆ ಹೊಸ ಚಾಟ್ ತೆರೆದು "ಇದೆಲ್ಲ ಬುರುಡೆ ತಾನೇ?" ಅಂತ ಕೇಳಿ. ಎರಡೂ ಸಲ ಅದು ನಿಮ್ಮ ತಾಳಕ್ಕೆ ಒಂದಿಷ್ಟು ಕುಣಿಯುವ ಸಾಧ್ಯತೆ ಜಾಸ್ತಿ. ತರಬೇತಿಯಲ್ಲಿ ಜನ ಮೆಚ್ಚಿದ ಉತ್ತರಕ್ಕೆ ಹೆಚ್ಚು ಅಂಕ ಸಿಗುತ್ತದೆ, ನಾವೋ ಹೂಂಗುಟ್ಟುವವರನ್ನೇ ಮೆಚ್ಚುವ ಜನ. ಈ ಓಲೈಕೆ ಅತಿಯಾಗಿ 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಚಾಟ್‌ಜಿಪಿಟಿಯ ಒಂದು ಅಪ್‌ಡೇಟನ್ನೇ ವಾಪಸ್ ತೆಗೆದುಕೊಂಡಿತು.

ಇನ್ನೊಂದು ವಾಲುವಿಕೆ ಅದು ಓದಿದ ಸರಕಿನಿಂದಲೇ ಬರುತ್ತದೆ. ಅಮೆರಿಕದ ವಾಯುಪಡೆ 1947ರಿಂದ 1969ರವರೆಗೆ ಒಟ್ಟು 12,618 ವರದಿಗಳನ್ನು ದಾಖಲಿಸಿತು. ಈ ವರದಿಗಳ ತನಿಖೆಗಿದ್ದ ಬ್ಲೂ ಬುಕ್ ಯೋಜನೆ ಮುಚ್ಚುವಾಗ ಅದರಲ್ಲಿ ಗುರುತು ಸಿಗದೆ ಉಳಿದದ್ದು 701. ಈಗ ಹೇಳಿ, ಪುಸ್ತಕ, ಟಿವಿ ಕಾರ್ಯಕ್ರಮ, ರೋಚಕ ಲೇಖನ ಹುಟ್ಟೋದು ಯಾವುದರ ಮೇಲೆ? ಆ 701ರ ಮೇಲೆ. "ಅದು ಶುಕ್ರಗ್ರಹ" ಅಂತ ಮುಗಿದುಹೋದ ಕೇಸಿನ ಬಗ್ಗೆ ಯಾರೂ ಮುನ್ನೂರು ಪುಟ ಬರೆಯಲ್ಲ. ಅಂದರೆ ಎಐ ಓದುವ ರಾಶಿಯಲ್ಲಿ ನಿಗೂಢಕ್ಕೇ ಜಾಗ ಜಾಸ್ತಿ. ಅಷ್ಟಾಗಿಯೂ ಅದು "ಬಲೂನ್" ಅಂದರೆ, ಅದಕ್ಕೆ ಒಂದು ಕಾರಣ ತಯಾರಿಸಿದವರು ಎಚ್ಚರಿಕೆಯಿಂದ ಮಾತಾಡುವಂತೆ ಅದನ್ನು ತಿದ್ದಿರೋದು. ಇನ್ನೊಂದು, ತನಿಖೆ ಮಾಡಿದ ಕಡೆಯೆಲ್ಲ ಬಹುಪಾಲು ಉತ್ತರ ಹಾಗೇ ಬಂದಿರೋದು.

ಪೆಂಟಗನ್‌ನ ಯುಎಫ್‌ಒ ವರದಿಗಳನ್ನು ತನಿಖೆ ಮಾಡುವ ಆರೋ ಕಚೇರಿ 2024ರ ಮಾರ್ಚ್‌ನಲ್ಲಿ ಅನ್ಯಗ್ರಹ ತಂತ್ರಜ್ಞಾನಕ್ಕೆ ಪುರಾವೆ ಸಿಕ್ಕಿಲ್ಲ ಅಂತ ವರದಿ ಕೊಟ್ಟಿತು. ಆದರೆ ಸರ್ಕಾರವನ್ನೇ ಅನುಮಾನಿಸುವವರಿಗೆ ಸರ್ಕಾರದ ವರದಿ ತೋರಿಸಿ ಏನು ಪ್ರಯೋಜನ? ಲೆಕ್ಕ ನೋಡೋಣ.

"ಗೋಫಾಸ್ಟ್" ಅನ್ನುವ ವಿಡಿಯೋ ನೋಡಿರಬಹುದು. 2015ರಲ್ಲಿ ಅಮೆರಿಕದ ನೌಕಾಪಡೆಯ ಯುದ್ಧವಿಮಾನದಿಂದ ತೆಗೆದದ್ದು. ಒಂದು ಸಣ್ಣ ಚುಕ್ಕೆ ಸಮುದ್ರಕ್ಕೆ ತಾಗಿಕೊಂಡೇ ಗುಂಡಿನಂತೆ ಓಡುತ್ತದೆ, ಪೈಲಟ್‌ಗಳು ಕಿರುಚಾಡುತ್ತಾರೆ. ಆದರೆ ಪರದೆಯ ಮೇಲೇ ಅಂಕಿಗಳಿವೆ: ವಿಮಾನದ ಎತ್ತರ 25,000 ಅಡಿ, ಕ್ಯಾಮೆರಾ ಕೆಳಗೆ ಬಾಗಿರುವ ಕೋನ, ವಸ್ತುವಿಗೆ ಇರುವ ದೂರ. ಇಷ್ಟಿದ್ದರೆ ಹೈಸ್ಕೂಲಿನ ತ್ರಿಕೋನಮಿತಿ ಸಾಕು. ನಾಸಾದ ಸ್ವತಂತ್ರ ಸಮಿತಿ 2023ರಲ್ಲಿ ಇದನ್ನೇ ಮಾಡಿತು. ಚುಕ್ಕೆ ಇದ್ದದ್ದು ಸಮುದ್ರದ ಮೇಲಲ್ಲ, ಸುಮಾರು 13,000 ಅಡಿ ಎತ್ತರದಲ್ಲಿ. ವೇಗ ಗಂಟೆಗೆ ಸುಮಾರು 40 ಮೈಲಿ, ಆ ಎತ್ತರದಲ್ಲಿ ಬೀಸುವ ಮಾಮೂಲಿ ಗಾಳಿಯಷ್ಟು. ಓಡುತ್ತಿದ್ದದ್ದು ವಿಮಾನ. ರೈಲಿನ ಕಿಟಕಿಯಿಂದ ನೋಡುವಾಗ ಹತ್ತಿರದ ಕಂಬ ದೂರದ ಬೆಟ್ಟದ ಎದುರು ಸರ್ರನೆ ಹಿಂದಕ್ಕೆ ಹೋಗುತ್ತಲ್ಲ, ಹಾಗೆ. ಆ ಚುಕ್ಕೆ ಏನು ಅಂತ ಈ ಲೆಕ್ಕ ಹೇಳಲ್ಲ. ಅದು ಯಾವ ಅದ್ಭುತವನ್ನೂ ಮಾಡುತ್ತಿರಲಿಲ್ಲ ಅಂತ ಮಾತ್ರ ಹೇಳುತ್ತದೆ, ನನಗೆ ಅಷ್ಟು ಸಾಕು.

ಹಾಗಾಗಿ ಎಐ ಹತ್ತಿರ "ಇದು ಏನು?" ಅಂತ ತೀರ್ಪು ಕೇಳಬೇಡಿ. "ಇದನ್ನು ತಿಳಿಯೋಕೆ ಯಾವ ಅಂಕಿ ಬೇಕು, ಯಾವುದು ಕಾಣೆಯಾಗಿದೆ?" ಅಂತ ಕೇಳಿ. ಈ ಕೆಲಸ ಅದು ಚೆನ್ನಾಗೇ ಮಾಡುತ್ತದೆ. ಸಮಯ, ದಿಕ್ಕು, ಎತ್ತರ ಗೊತ್ತಿದ್ದರೆ ಆ ಹೊತ್ತಿಗೆ ಯಾವ ಗ್ರಹ, ಯಾವ ಉಪಗ್ರಹ ಅಲ್ಲಿತ್ತು ಅನ್ನೋದನ್ನು ಆಕಾಶ ನಕ್ಷೆಯ ಆ್ಯಪ್‌ನಲ್ಲೇ ನೋಡಿ. ಚಾಟ್‌ಬಾಟ್ ಇಂಥ ಸ್ಥಾನಗಳನ್ನು ಧೈರ್ಯವಾಗಿ ತಪ್ಪು ಹೇಳಿಬಿಡಬಹುದು. ಸಾಲಾಗಿ ಹೋಗುವ ದೀಪಗಳಾದರೆ ಮೊದಲು ಇಂಟರ್ನೆಟ್ ಕೊಡುವ ಉಪಗ್ರಹಗಳ ಗುಂಪಾದ ಸ್ಟಾರ್‌ಲಿಂಕ್ ನೋಡಿ.

ಇನ್ನು ಮಸುಕಾದ ಫೋಟೋವನ್ನು ಎಐನಿಂದ "ಸ್ಪಷ್ಟ" ಮಾಡಿಸೋದಂತೂ ಬೇಡವೇ ಬೇಡ. 2023ರಲ್ಲಿ ಒಬ್ಬರು ಬೇಕಂತಲೇ ಮಬ್ಬಾಗಿಸಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿಟ್ಟು ಸ್ಯಾಮ್‌ಸಂಗ್ ಫೋನಿನಲ್ಲಿ ಜೂಮ್ ಮಾಡಿ ತೆಗೆದರು. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದವು. ಚಂದ್ರನ ಜಾಗದಲ್ಲಿ ನಿಮ್ಮ ಬಿಳಿ ಚುಕ್ಕೆ ಇದ್ದರೆ ಅದಕ್ಕೆ ಕಿಟಕಿ, ರೆಕ್ಕೆ ಏನು ಬೇಕಾದರೂ ಮೂಡಬಹುದು. ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ, ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಸಮಯದ ಮಾಹಿತಿಯೂ ಹೋಗಿಬಿಡುತ್ತದೆ.