ಅಂತಿಮ ಹೆಜ್ಜೆಗೂ ಮುಂಚೆ: ಮಿಲಿಟರಿ ಅಕಾಡೆಮಿ ಸಿನಿಮಾಗಳು ಮತ್ತು ಅವುಗಳ ವಿಮರ್ಶೆ

ಮಿಲಿಟರಿ ಅಕಾಡೆಮಿ ಸಿನಿಮಾ ಅಂದರೆ ಕಥೆ ಹೇಳುವ ಅಗತ್ಯವೇ ಇಲ್ಲ. ದಿಕ್ಕು ದೆಸೆ ಇಲ್ಲದ ಒಬ್ಬ ಹುಡುಗ. ಇವನು ಉದ್ಧಾರ ಆಗಲ್ಲ ಎಂದು ಕೈಬಿಟ್ಟ ಅಪ್ಪ. ಗೇಟು ದಾಟಿದ ದಿನವೇ ತಲೆಗೂದಲಿಗೆ ಮಷಿನ್. ಮುಖಕ್ಕೆ ಮುಖ ಕೊಟ್ಟು ಬೈಯುವ ಒಬ್ಬ ಸಾಹೇಬ. ಮಧ್ಯೆ ಹುಡುಗ ಓಡಿಹೋಗಲು ನೋಡುತ್ತಾನೆ. ಆಮೇಲೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾನೆ. ಕೊನೆಗೆ ಪರೇಡು, ಅಮ್ಮನ ಕಣ್ಣಲ್ಲಿ ನೀರು.

ಇಂಥ ಸಿನಿಮಾ ಬಂದಾಗಲೆಲ್ಲ ವಿಮರ್ಶಕರು ಅದೇ ಹಳೇ ಫಾರ್ಮುಲಾ ಅನ್ನುತ್ತಾರೆ. ನೋಡಿದವರು ಕಣ್ಣು ಒರೆಸಿಕೊಂಡು ಹೊರಬರುತ್ತಾರೆ. ಈಚಿನ ವರ್ಷಗಳಲ್ಲಿ ಇನ್ನೊಂದು ಗಂಟು ಬಿದ್ದಿದೆ. ಸಿನಿಮಾ ಚೆನ್ನಾಗಿಲ್ಲ ಅಂದರೆ ಸೇನೆ ಮೇಲೆ ಗೌರವ ಇಲ್ವಾ ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಹಾಗಾಗಿ ಮಾತು ಎಲ್ಲಿ ಶುರುವಾಗಿ ಎಲ್ಲಿಗೆ ಬಂತು ಅನ್ನುವುದೇ ಮರೆತುಹೋಗಿದೆ.

ನಾನಿರುವುದು ಪುಣೆಯಲ್ಲಿ, ವಾರಜೆ ಕಡೆಯಿಂದ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಗೇಟಿಗೆ ಹೋಗುವ ರಸ್ತೆಯಲ್ಲಿ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದರೆ ಭರ್ತಿಗೆ ತಯಾರಿ ನಡೆಸುವ ಹುಡುಗರು ಓಡುತ್ತಿರುತ್ತಾರೆ. ಈ ಕಡೆಯ ಕನ್ನಡದ ಮನೆಗಳಿಗೆ ಅಕಾಡೆಮಿ ದೂರದ ಸಂಗತಿಯೇನಲ್ಲ. ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ. ಬೆಳಗಾವಿಯಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆ ಇದೆ. ಅಲ್ಲಿ ಓದಿದ ಮಕ್ಕಳು ಎನ್‌ಡಿಎ ಇರುವ ಖಡಕ್‌ವಾಸ್ಲಾಕ್ಕೆ ಆಯ್ಕೆಯಾದರೆ, ಸೇರುವ ಹಿಂದಿನ ರಾತ್ರಿ ಅಪ್ಪ ಅಮ್ಮನ ಜೊತೆ ಉಳಿದುಕೊಳ್ಳುವುದು ನಮ್ಮಂಥವರ ಮನೆಯಲ್ಲೇ. ಕಪ್ಪು ಟ್ರಂಕು, ಶೇಂಗಾ ಹೋಳಿಗೆ ಡಬ್ಬಿ, ಮಾತಿಲ್ಲದ ಊಟ. ಆ ರಾತ್ರಿಗಳನ್ನು ನೋಡಿದವನಾಗಿ ಈ ಸಿನಿಮಾಗಳ ಬಗ್ಗೆ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಈ ಅಚ್ಚು ಬಹಳ ಹಳೆಯದು. 1955ರಲ್ಲೇ ಜಾನ್ ಫೋರ್ಡ್ ವೆಸ್ಟ್ ಪಾಯಿಂಟ್ ಅಕಾಡೆಮಿಯ ಮೇಲೆ ಸಿನಿಮಾ ಮಾಡಿದ್ದರು. 1982ರ 'ಆ್ಯನ್ ಆಫೀಸರ್ ಆ್ಯಂಡ್ ಎ ಜಂಟಲ್‌ಮನ್' ಅಚ್ಚನ್ನು ಗಟ್ಟಿ ಮಾಡಿತು. ಬೈದು ಬೈದು ಹುಡುಗನನ್ನು ತಿದ್ದುವ ಸಾರ್ಜೆಂಟ್ ಪಾತ್ರಕ್ಕೆ ಲೂಯಿ ಗಾಸೆಟ್ ಜೂನಿಯರ್ ಆಸ್ಕರ್ ಪಡೆದರು. ಆಮೇಲೆ ಬಂದ ಸಾಹೇಬರೆಲ್ಲ ಅವರ ನೆರಳಿನಲ್ಲೇ ಬೈದರು. 2006ರಲ್ಲಿ ಜೇಮ್ಸ್ ಫ್ರಾಂಕೊ ನಟಿಸಿದ, ನೌಕಾಪಡೆಯ ಅಕಾಡೆಮಿಯ ಕಥೆಯ 'ಅನಾಪೊಲಿಸ್' ಬಂದಾಗ ವಿಮರ್ಶಕರ ತಾಳ್ಮೆ ಮುಗಿದಿತ್ತು. ಹಡಗು ಕಟ್ಟುವ ಕೆಲಸದ ಹುಡುಗ, ಕಠಿಣ ಅಧಿಕಾರಿ, ಕೊನೆಗೆ ಬಾಕ್ಸಿಂಗ್ ರಿಂಗಿನಲ್ಲಿ ಲೆಕ್ಕ ಚುಕ್ತಾ. ಎಲ್ಲಾ ಮೊದಲೇ ನೋಡಿದ್ದು ಎಂದು ಹೆಚ್ಚಿನವರು ಬರೆದರು. ಅದರಲ್ಲಿ ದಪ್ಪ ಮೈಯ ಒಬ್ಬ ರೂಮ್‌ಮೇಟ್ ಇದ್ದಾನೆ. ಅಡೆತಡೆಯ ಓಟ ಮುಗಿಸಲಾಗದೆ ಒದ್ದಾಡುತ್ತಾನೆ. ನನಗೆ ಆ ಸಿನಿಮಾದಲ್ಲಿ ನೆನಪು ಉಳಿದದ್ದು ಅವನು ಮಾತ್ರ. ಹೀರೊ ಗೆಲ್ಲುತ್ತಾನೆ ಎಂದು ಗೊತ್ತಿತ್ತು. ಅವನ ಗತಿ ಏನು ಅನ್ನುವುದು ಗೊತ್ತಿರಲಿಲ್ಲ.

ಈ ಕೊನೆಯ ಎರಡು ಸಿನಿಮಾಗಳಿಗೂ ಅಮೆರಿಕದ ನೌಕಾಪಡೆ ಸಹಕಾರ ಕೊಡಲಿಲ್ಲ. 'ಅನಾಪೊಲಿಸ್' ಚಿತ್ರೀಕರಣ ನಡೆದದ್ದು ಫಿಲಡೆಲ್ಫಿಯಾದ ಒಂದು ಹಳೇ ವಿದ್ಯಾಸಂಸ್ಥೆಯಲ್ಲಿ. ನಮ್ಮಲ್ಲಿ ಕಥೆ ಬೇರೆ. ಇಲ್ಲಿನ ಮುಖ್ಯ ಸಿನಿಮಾಗಳಿಗೆ ಅಕಾಡೆಮಿಯ ಗೇಟು ತೆರೆದಿತ್ತು.

ಎನ್‌ಡಿಎಗೆ 1949ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. 1955ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಮಾಡಿದ ತ್ಯಾಗಕ್ಕೆ ಸುಡಾನ್ ಕೊಟ್ಟ 1 ಲಕ್ಷ ಪೌಂಡಿನ ನೆನಪಿಗೆ ಮುಖ್ಯ ಕಟ್ಟಡದ ಹೆಸರು ಸುಡಾನ್ ಬ್ಲಾಕ್. ಭಾನುವಾರ ಖಡಕ್‌ವಾಸ್ಲಾ ಚೌಪಾಟಿಯಲ್ಲಿ ಸುಟ್ಟ ಮೆಕ್ಕೆಜೋಳ ತಿನ್ನುತ್ತಾ ನಿಂತರೆ ನೀರಿನಾಚೆ ಕಾಣುವುದು ಅಕಾಡೆಮಿಯ ಜಾಗವೇ. ಒಳಗೆ ಹೋಗದವರಿಗೆ ಅದರ ಒಳಗು ಗೊತ್ತಿರುವುದು ಸಿನಿಮಾದಿಂದ.

ಮೊದಲು ಬಂದದ್ದು 1982ರ 'ವಿಜೇತ'. ಶಶಿ ಕಪೂರ್ ನಿರ್ಮಾಣ, ಗೋವಿಂದ್ ನಿಹಲಾನಿ ನಿರ್ದೇಶನ. ಅಪ್ಪ ಅಮ್ಮನ ಜಗಳದಿಂದ ಬೇಸತ್ತ ಹುಡುಗ ಎನ್‌ಡಿಎ ಸೇರಿ ಯುದ್ಧವಿಮಾನ ಹಾರಿಸುವ ಕಥೆ. 1989ರಲ್ಲಿ ದೂರದರ್ಶನದಲ್ಲಿ 'ಫೌಜಿ' ಬಂತು, ಶಾರುಖ್ ಖಾನ್ ಮನೆಮನೆಗೂ ಪರಿಚಯವಾದರು. 1991ರಲ್ಲಿ ನಾನಾ ಪಾಟೇಕರ್ ತಾವೇ ನಿರ್ದೇಶಿಸಿ 'ಪ್ರಹಾರ್' ಮಾಡಿದರು. ಅದರ ತರಬೇತಿಯ ದೃಶ್ಯಗಳಲ್ಲಿ ಕಾಣುವುದು ನಮ್ಮ ಬೆಳಗಾವಿಯ ಕಮಾಂಡೊ ಶಾಲೆ. ವಿಮರ್ಶಕರೂ ಮೆಚ್ಚಿದ ಸಿನಿಮಾ ಅದು. ಕಾರಣ ಇದೆ. ಅಲ್ಲಿ ತರಬೇತಿಯಲ್ಲಿ ಗೆದ್ದ ಹುಡುಗ ಮುಂದೆ ಕಾರ್ಯಾಚರಣೆಯಲ್ಲಿ ಕಾಲು ಕಳೆದುಕೊಳ್ಳುತ್ತಾನೆ. ಮುಂಬೈಯ ತನ್ನ ಬೀದಿಗೆ ಮರಳುತ್ತಾನೆ. ಗಟ್ಟಿ ಮೈ ಒಡೆದ ಮೇಲೆ ಏನು ಎಂಬ ಪ್ರಶ್ನೆ ಆ ಸಿನಿಮಾದಲ್ಲಿತ್ತು. ಆಮೇಲೆ ಬಂದವರು ಅದರಿಂದ ಬೂಟಿನ ಸದ್ದನ್ನು ಎತ್ತಿಕೊಂಡರು. ಪ್ರಶ್ನೆ ಅಲ್ಲೇ ಉಳಿಯಿತು.

1998ರ 'ಮೇಜರ್ ಸಾಬ್' ಬಂದಾಗ ಪುಣೆಯವರಿಗೆ ಅದು ಊರ ಸಿನಿಮಾ. ಖಡಕ್‌ವಾಸ್ಲಾದಲ್ಲಿ ಚಿತ್ರೀಕರಣ, ಅಮಿತಾಭ್ ಕಠಿಣ ಮೇಜರ್, ಅಜಯ್ ದೇವಗನ್ ಹೊರಗೆ ಹಾಕಿಸಿಕೊಳ್ಳಲೆಂದೇ ತಂಟೆ ಮಾಡುವ ಶ್ರೀಮಂತರ ಹುಡುಗ. ಅಚ್ಚನ್ನು ತಿರುವಿ ಹಾಕುವ ಒಳ್ಳೆ ಅವಕಾಶ ಇತ್ತು. ಇಂಟರ್ವಲ್ ಆದ ಮೇಲೆ ಸಿನಿಮಾ ಅಕಾಡೆಮಿಯನ್ನು ಬಿಟ್ಟು ಗೂಂಡಾಗಳ ಹೊಡೆದಾಟಕ್ಕೆ ಹೋಯಿತು.

2004ರ ಜೂನ್‌ನಲ್ಲಿ ಬಂದ 'ಲಕ್ಷ್ಯ' ಇಡೀ ಕಥೆಯ ತಿರುವು. ಫರ್ಹಾನ್ ಅಖ್ತರ್ ನಿರ್ದೇಶನ, ಡೆಹ್ರಾಡೂನಿನ ಐಎಂಎ ಎಂಬ ಭೂಸೇನೆಯ ಅಕಾಡೆಮಿ, ಹೃತಿಕ್ ರೋಷನ್. ಸುಮ್ನೆ ಗೆಳೆಯನ ಮಾತು ಕೇಳಿ ಅರ್ಜಿ ಹಾಕುವ ಹುಡುಗ, ಶಿಕ್ಷೆ ತಡೆಯಲಾರದೆ ಓಡಿಬರುತ್ತಾನೆ. ಪ್ರೀತಿಸಿದ ಹುಡುಗಿ ಅವನನ್ನು ಬಿಡುತ್ತಾಳೆ. ನಾಚಿಕೆಯೇ ಅವನನ್ನು ವಾಪಸ್ ಕಳಿಸುತ್ತದೆ. ಮೂರು ಗಂಟೆ ಜಾಸ್ತಿಯಾಯ್ತು, ಕಾರ್ಗಿಲ್ ಭಾಗ ಗೊತ್ತಿದ್ದ ದಾರಿಯಲ್ಲೇ ಹೋಯ್ತು ಎಂಬ ಮಾತು ಬಂತು. ಗಳಿಕೆಯೂ ನಿರೀಕ್ಷೆ ಮುಟ್ಟಲಿಲ್ಲ. ಆದರೆ ಸಿನಿಮಾ ಸಾಯಲಿಲ್ಲ. ಸಿಡಿಯಲ್ಲಿ, ಟಿವಿಯಲ್ಲಿ, ಹಾಸ್ಟೆಲಿನ ಕಂಪ್ಯೂಟರಿನಲ್ಲಿ ಬದುಕಿತು. 20 ವರ್ಷ ತುಂಬಿದಾಗ, 2024ರಲ್ಲಿ, ಮತ್ತೆ ಥಿಯೇಟರಿಗೆ ಬಂತು. ಅದನ್ನು ನೋಡಿಯೇ ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋದೆ ಅನ್ನುವವರು ಈ ರಸ್ತೆಯಲ್ಲೇ ನನಗೆ ನಾಲ್ಕು ಜನ ಸಿಕ್ಕಿದ್ದಾರೆ. ಅವರಿಗೆ ಮುಂದೇನಾಗುತ್ತದೆ ಎಂದು ಮೊದಲೇ ತಿಳಿಯುವುದು ಕೊರತೆ ಅನ್ನಿಸಲೇ ಇಲ್ಲ.

ಅದಕ್ಕೂ ಅರ್ಥ ಇದೆ. ಅಕಾಡೆಮಿಯ ಬದುಕೇ ಒಂದು ಅಚ್ಚು. ಮೂರು ವರ್ಷ, ಆರು ಟರ್ಮು. ಎಲ್ಲರಿಗೂ ಒಂದೇ ಕ್ರಾಪು, ಒಂದೇ ಗಂಟೆ, ಡ್ರಿಲ್ ಕಲಿಸುವ ಉಸ್ತಾದರ ಒಂದೇ ಕೂಗು. ಫಸ್ಟ್ ಟರ್ಮಿನ ಹುಡುಗ ಸಣ್ಣ ತಪ್ಪಿಗೂ ರಗಡಾ ಎಂಬ ಶಿಕ್ಷೆ ತಿನ್ನುತ್ತಾನೆ, ಫ್ರಂಟ್ ರೋಲ್ ಹೊಡೆಯುತ್ತಾನೆ. ಕೊನೆಗೆ ಪರೇಡಿನಲ್ಲಿ 'ಅಂತಿಮ್ ಪಗ್', ಅಂದರೆ ಅಂತಿಮ ಹೆಜ್ಜೆ, ದಾಟುತ್ತಾನೆ. ಕಥೆ ಹೀಗೇ ಸಾಗುತ್ತದೆ ಎಂದು ದೂರಿದರೆ ಮಳೆಗಾಲ ಜೂನ್‌ನಲ್ಲೇ ಬರುತ್ತದೆ ಎಂದು ದೂರಿದ ಹಾಗೆ. ವಿಮರ್ಶೆ ಇಷ್ಟು ವರ್ಷ ಹೊಸತೇನಿದೆ ಎಂದು ಕೇಳಿತು. ನಿಜ ಎಷ್ಟಿದೆ ಎಂದು ಕೇಳಿದ್ದು ಕಡಿಮೆ.

ನಿಜ ತಪ್ಪುವುದು ಒಂದೇ ಜಾಗದಲ್ಲಿ. ಛಲ ಇದ್ದವನು ದಾಟುತ್ತಾನೆ ಎಂದು ಈ ಸಿನಿಮಾಗಳು ಹೇಳುತ್ತವೆ. ಅಕಾಡೆಮಿಯಲ್ಲಿ ರೆಲಿಗೇಟ್ ಆಗುವವರಿದ್ದಾರೆ, ಒಂದು ಟರ್ಮು ಹಿಂದೆ ಬಿದ್ದು ಕಿರಿಯರ ಜೊತೆ ನಿಲ್ಲುವವರು. ಮೈಗೆ ಪೆಟ್ಟಾಗಿ ಬೋರ್ಡ್ ಔಟ್ ಆಗುವವರಿದ್ದಾರೆ, ವೈದ್ಯರ ಮಂಡಳಿ ಹೊರಗೆ ಕಳಿಸಿದವರು. ಅವರಲ್ಲಿ ಛಲಕ್ಕೇನೂ ಕೊರತೆ ಇರುವುದಿಲ್ಲ.

2020ರ ಹೊತ್ತಿಗೆ ಜಗಳ ಬೇರೆ ಕಡೆ ಹೊರಳಿತು. ಸೇನೆಯ ಕಥೆ ಇರುವ ಸಿನಿಮಾ, ವೆಬ್ ಸರಣಿಗಳಿಗೆ ಮೊದಲೇ ನಿರಾಕ್ಷೇಪಣಾ ಪತ್ರ ಪಡೆಯುವಂತೆ ನಿರ್ಮಾಪಕರಿಗೆ ಹೇಳಿ ಎಂದು ಆ ಜುಲೈನಲ್ಲಿ ರಕ್ಷಣಾ ಸಚಿವಾಲಯ ಸೆನ್ಸಾರ್ ಮಂಡಳಿಗೆ ಬರೆಯಿತು. ಮುಂದಿನ ತಿಂಗಳು ವಾಯುಪಡೆಯ ಮಹಿಳಾ ಪೈಲಟ್ ಒಬ್ಬರ ಕಥೆಯ 'ಗುಂಜನ್ ಸಕ್ಸೇನಾ' ಬಂದಾಗ, ತನ್ನನ್ನು ಕೆಟ್ಟದಾಗಿ ತೋರಿಸಿದೆ ಎಂದು ವಾಯುಪಡೆ ಆಕ್ಷೇಪಿಸಿತು. ಅಲ್ಲಿಂದ ಮಾತೆಲ್ಲ ಗೌರವ ಮತ್ತು ಅಗೌರವದ ಸುತ್ತ ತಿರುಗಿತು. ಕಥೆ, ನಟನೆ, ಬರವಣಿಗೆ ಹಿಂದೆ ಸರಿದವು. ಅನುಮತಿ ಬೇಕು ಅಂದಾಗ ಬರೆಯುವವನ ಕೈ ತಾನಾಗಿಯೇ ಸುಲಭದ ಪುಟಕ್ಕೆ ಹೋಗುತ್ತದೆ, ಅಲ್ವಾ? ಹಾಗಾದರೆ ಫಾರ್ಮುಲಾ ಇನ್ನಷ್ಟು ಗಟ್ಟಿಯಾಗುವುದು ಸಹಜ.

ಅಷ್ಟರಲ್ಲಿ ಅಕಾಡೆಮಿಯೇ ಬದಲಾಯಿತು. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ 2022ರಲ್ಲಿ ಹುಡುಗಿಯರು ಎನ್‌ಡಿಎ ಸೇರಿದರು. 2025ರ ಮೇ ಕೊನೆಗೆ 17 ಮಂದಿ ಪಾಸಾಗಿ ಹೊರಬಂದರು. ಅದೇ ವರ್ಷದ ಆಗಸ್ಟ್‌ನಲ್ಲಿ, ತರಬೇತಿಯಲ್ಲಿ ಗಾಯಗೊಂಡು ಹೊರಬಿದ್ದ ಕೆಡೆಟ್‌ಗಳ ಕುರಿತ ಪತ್ರಿಕಾ ವರದಿ ನೋಡಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಪೀಠದಲ್ಲಿ ನಮ್ಮ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. 1985ರಿಂದ ಈಚೆಗೆ ಹೀಗೆ ಹೊರಬಂದವರು ಸುಮಾರು 500 ಎಂದು ವರದಿಯಲ್ಲಿತ್ತು. ಅಧಿಕಾರಿಯಾಗಿ ನೇಮಕ ಆಗುವ ಮೊದಲೇ ಪೆಟ್ಟಾದ ಕಾರಣ ಅವರು ಮಾಜಿ ಸೈನಿಕರ ಲೆಕ್ಕಕ್ಕೆ ಬರುವುದಿಲ್ಲ. ಆ ಸುದ್ದಿ ಓದುವಾಗ ನನಗೆ ಹತ್ತಿರದ ಒಂದು ಮನೆ ನೆನಪಾಯಿತು.

ಆ ಮನೆಯವರು ವಿಜಯಪುರ ಕಡೆಯವರು. ಮಗ ಒಂದು ತರಬೇತಿ ಅಕಾಡೆಮಿಯಲ್ಲಿದ್ದ. ಮಂಡಿ ಹೋಯಿತು, ಆಪರೇಷನ್ ಆಯಿತು, ಒಂದು ವರ್ಷ ಕಾದು ಮನೆಗೆ ಬಂದ. ಈಗ ಹಿಂಜೆವಾಡಿಯಲ್ಲಿ ಕೆಲಸ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತಾನೆ. ಒಂದು ದಿನ ಅವನ ತಾಯಿ ಚೀಲದಲ್ಲಿ ಬೂಟು ತಂದುಕೊಟ್ಟರು. ಹಿಮ್ಮಡಿಗೆ ಲಾಳ ಬಡಿದ ಕರಿ ಡ್ರಿಲ್ ಬೂಟು. ಮೂತಿಯಲ್ಲಿ ಇನ್ನೂ ಮುಖ ಕಾಣುವಷ್ಟು ಪಾಲಿಶ್.

"ಅಣ್ಣಾರ, ಓಡೋ ಹುಡುಗುರು ನಿಮ್ಮ ಮನಿ ಮುಂದನ ಹೋಗ್ತಾವಲ್ರಿ, ಯಾರಿಗರ ಕೊಡ್ರಿ. ಇಂವಾ ದಿನಾ ರಾತ್ರಿ ಒರಸ್ಕೋತ ಕೂಡ್ತಾನ."

ಕೊಡಲು ಮನಸ್ಸಾಗಲಿಲ್ಲ. ವಾರದ ನಂತರ ಹುಡುಗನೇ ಬಂದ. ನಾನು ಕೇಳುವ ಮೊದಲೇ ಚೀಲ ನೋಡಿದ. "ಕಾಕಾ, ಅವು ನನ್ನವು" ಅಂದ. ತೆಗೆದುಕೊಂಡು ಹೋದ. ಮೆಟ್ಟಿಲ ಮೇಲೆ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ. ಲಾಳಕ್ಕೆ ಲಾಳ ತಾಗುವ ಸದ್ದು ಕೆಳಗಿನ ಗೇಟಿನವರೆಗೂ ಕೇಳಿಸುತ್ತಿತ್ತು.